ಸ್ಟ್ಯಾಂಡ್ ಇಟ್ಟಿದ್ದೀರಾ, ಟೀಚರ್?

ಕೆಲವರ ಮನೆಗೆ ನಾಯಿ ಬಂದ ಮೇಲೆ ನೆಮ್ಮದಿ ಹೋಗುತ್ತದೆ, ಕೆಲವರ ಮನೆಗೆ ಟಿವಿ ಬಂದ ಮೇಲೆ. ದೇರೆಬೈಲಿನ ನಮ್ಮ ಮನೆಗೆ ಕಾರು ಎತ್ತುವ ಒಂದು ಜಾಕು ಬಂತು. ಅಂದಿನಿಂದ ಏನಾದರೊಂದು ನಗೆಪಾಟಲು ನಡೆಯುತ್ತಲೇ ಇದೆ. ಕೇಳಿದವರೆಲ್ಲ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಇದೆಲ್ಲದರ ಬುಡದಲ್ಲಿ ನಾನೇ ಆಡಿದ ಒಂದು ಮಾತಿದೆ, ಅದು ನೆನಪಾದರೆ ನನ್ನ ನಗು ಅರ್ಧಕ್ಕೆ ನಿಲ್ಲುತ್ತದೆ.

ಪಾದಗಳ ಜೊತೆ ಮಾತು

ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ದ್ರವದ ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ, ಆದ್ದರಿಂದ ಒಂದು ಕೈಯಲ್ಲಿ ಕಾರನ್ನೂ ಎತ್ತಬಹುದು ಎಂದು ಬೋರ್ಡಿನ ಮೇಲೆ ಜಾಕಿನ ಚಿತ್ರ ಬರೆದು ಬರೆದು ಸೀಮೆಸುಣ್ಣ ಸವೆಸಿದ್ದೇನೆ. ನಿಜವಾದ ಜಾಕಿನ ಹಿಡಿಯನ್ನು ಮಾತ್ರ ಒಂದು ದಿನವೂ ಒತ್ತಿದವಳಲ್ಲ. ನಿವೃತ್ತಿಯಾದ ಮೇಲೆ, ನಮ್ಮ ಹಳೆಯ ಸಣ್ಣ ಕಾರಿನ ಆಯಿಲ್ ಬದಲಿಸುವುದು, ಟಯರ್ ಬಿಚ್ಚುವುದು ಎಲ್ಲ ನಾನೇ ಮಾಡಬೇಕೆಂಬ ಹುಚ್ಚು ಹತ್ತಿತು.

ಹದಿನಾರು ವರ್ಷದಿಂದ ಆ ಕಾರನ್ನು ನೋಡಿಕೊಳ್ಳುತ್ತಿದ್ದವರು ನಂತೂರಿನ ಹತ್ತಿರದ ಒಬ್ಬ ಮೆಕ್ಯಾನಿಕ್. ಅವರ ಮಗಳು ನನ್ನ ಕ್ಲಾಸಿನಲ್ಲಿ ಕಲಿತವಳು. ನಾನು ಹೋದಾಗಲೆಲ್ಲ ಅವರು ಯಾವುದಾದರೂ ಕಾರಿನಡಿ ಮಲಗಿರುತ್ತಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಒಡೆದ ಹಿಮ್ಮಡಿಯ ಗೆರೆಗಳಲ್ಲಿ ಕಪ್ಪು ಗ್ರೀಸು. ಬಲಗಾಲಿನ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಅವರ ಮಗಳ ಮದುವೆ, ನನ್ನ ಮಂಡಿನೋವು, ಬಂಗುಡೆ ಮೀನಿನ ರೇಟು, ಎಲ್ಲವನ್ನೂ ನಾನು ಆ ಪಾದಗಳ ಜೊತೆಗೇ ಮಾತಾಡಿದ್ದು. ಒಮ್ಮೆ ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿ ಬಸ್ ಸ್ಟ್ಯಾಂಡಿನಲ್ಲಿ ಎದುರು ನಿಂತು ನಮಸ್ಕಾರ ಎಂದಾಗ, "ಯಾರು? ಗುರ್ತ ಆಗ್ಲಿಲ್ಲ" ಎಂದು ಮಾನ ಕಳೆದುಕೊಂಡಿದ್ದೆ.

ಆ ದಿನವೂ ಪಾದಗಳನ್ನೇ ಕೇಳಿದೆ: "ಮನೆಗೆ ಒಂದು ಟ್ರಾಲಿ ಜಾಕ್ ತಗೊಳ್ಬೇಕು ಅಂತ ಉಂಟು. ಯಾವುದು ಒಳ್ಳೇದು? ಜಾಸ್ತಿ ರೇಟಿನದ್ದು ಬೇಡ."

"ಎಂತಕ್ಕೆ ಟೀಚರ್ ಸುಮ್ಮನೆ? ನಾನಿದ್ದೇನಲ್ಲ" ಎಂದವು ಪಾದಗಳು.

ಅಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಕೇಳುವವರಿದ್ದರೆ ನನ್ನ ನಾಲಿಗೆಗೆ ಹುರುಪು ಜಾಸ್ತಿ. "ನಾನು ಜಾಕ್ ತಗೊಂಡ್ರೆ ನಿಮ್ಮ ಗ್ಯಾರೇಜಿಗೆ ಬೀಗ ಬೀಳ್ತದೆ ಅಂತ ಹೆದರಿಕೆಯಾ?" ಎಂದುಬಿಟ್ಟೆ.

ಗಿರಾಕಿಗಳು ನಕ್ಕರು. ಪಾದಗಳು ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಹೊರಗೆ ಬಂದು, ಕೈ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದರು: "ಅಗ್ಗದ್ದು ತಗೊಳ್ಳಿ, ತೊಂದರೆ ಇಲ್ಲ. ಹಗುರದ್ದು ತಗೊಳ್ಬೇಡಿ. ಬಂದರಿನಲ್ಲಿ ನಾನು ಸಾಮಾನು ತರುವ ಅಂಗಡಿ ಉಂಟಲ್ಲ, ಅಲ್ಲಿ ಕೈಯಲ್ಲಿ ಎತ್ತಿ ನೋಡಿ. ನೀವು ಸುಲಭದಲ್ಲಿ ಎತ್ತಿದ್ರೆ ಅದು ಕಾರನ್ನು ಎತ್ತುವುದಿಲ್ಲ. ಮತ್ತೆ ಜಾಕ್ ಒಂದನ್ನೇ ನಂಬಿ ಕಾರಿನಡಿ ಹೋಗ್ಬೇಡಿ. ಎತ್ತಿದ ಮೇಲೆ ಕಾರಿನ ಆಧಾರಕ್ಕೆ ಕಬ್ಬಿಣದ ಸ್ಟ್ಯಾಂಡ್ ಇಡಿ." ಇಷ್ಟು ಹೇಳಿ ಪುನಃ ಕಾರಿನಡಿ ಹೋದರು.

ತಪ್ಪಾಯಿತೆಂದು ನನಗೆ ಅಲ್ಲೇ ಗೊತ್ತಾಗಿತ್ತು. ತಪ್ಪು ಮಾಡಿದ ಮಕ್ಕಳನ್ನು ಎದುರು ನಿಲ್ಲಿಸಿ, "ಸಾರಿ ಹೇಳು, ಕೊನೆಯ ಬೆಂಚಿಗೆ ಕೇಳಬೇಕು" ಎಂದು ಸಾವಿರ ಸಲ ಹೇಳಿಸಿದವಳು ನಾನು. ನನ್ನ ಸರದಿ ಬಂದಾಗ ಮೊದಲ ಬೆಂಚಿಗೆ ಕೇಳುವಷ್ಟೂ ಸ್ವರ ಹೊರಡಲಿಲ್ಲ. ಪಾದಗಳಿಗೆ ಸಾರಿ ಹೇಳುವ ಕ್ರಮ ಎಲ್ಲಿಯೂ ಇಲ್ಲ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದೆ.

ಚೆಂದಕ್ಕೆ ಕೂತ ಕಾರು

ಅವರ ಮಾತು ಕೇಳಬಾರದೆಂಬ ಹಟಕ್ಕೆ ಫೋನಿನಲ್ಲಿ ಹುಡುಕಿ ಅತಿ ಹಗುರದ ಜಾಕನ್ನೇ ತರಿಸಿದೆ. ಕೊರಿಯರಿನವನು ಅದನ್ನು ಒಂದೇ ಕೈಯಲ್ಲಿ ತಂದುಕೊಟ್ಟ. ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದು, ಈಗ ಮನೆಯೆದುರಿನ ಸಿಟೌಟಿನ ಕುರ್ಚಿಯಲ್ಲಿ ಕೂತು ಲೋಕದ ಉಸ್ತುವಾರಿ ನೋಡುವ ನನ್ನ ಗಂಡ, "ಇದು ಕಾರಿಗಾ, ಮಕ್ಕಳಿಗೆ ಆಡ್ಲಿಕ್ಕಾ?" ಎಂದು ಕೇಳಿದರು.

ಕಾರಿನ ಮುಂಭಾಗದಡಿ ಜಾಕು ತಳ್ಳಿ ಹಿಡಿ ಒತ್ತುತ್ತಾ ಹೋದೆ. ಚಕ್ರ ನೆಲ ಬಿಟ್ಟಿತು. ಮೂವತ್ತನಾಲ್ಕು ವರ್ಷದ ಪಾಠ ಕಣ್ಣೆದುರೇ ನಿಜವಾಯಿತೆಂಬ ಖುಷಿಯಲ್ಲಿ ಸ್ಪ್ಯಾನರ್ ತರಲು ಒಳಗೆ ಓಡಿದೆ. ತಿರುಗಿ ಬಂದು ನೋಡಿದರೆ ಕಾರು ಮೊದಲಿನ ಹಾಗೇ ನೆಲದ ಮೇಲಿತ್ತು.

"ಎಂತ ಆಯ್ತು?" ಎಂದೆ.

"ಇಳಿಯಿತು. ನಾನು ನೋಡ್ತಾ ಇದ್ದೆ" ಎಂದರು ಗಂಡ.

"ನೋಡ್ತಾ ಇದ್ದವರಿಗೆ ಒಮ್ಮೆ ಕರೀಲಿಕ್ಕೆ ಆಗ್ಲಿಲ್ವಾ?"

"ಎಂತಕ್ಕೆ ಕರೆಯುವುದು? ಎಷ್ಟು ಚೆಂದಕ್ಕೆ ಕೂತುಕೊಳ್ತಾ ಇತ್ತು! ಮದುವೆ ಊಟಕ್ಕೆ ಹಿರಿಯರು ಕೂತ ಹಾಗೆ."

ನಗು ಬಂತು, ಆಮೇಲೆ ಲೆಕ್ಕ ಹಾಕಿದೆ. ಸ್ಪ್ಯಾನರ್ ಕೈಯಲ್ಲೇ ಇದ್ದಿದ್ದರೆ ನಾನು ಆ ಹೊತ್ತಿಗೆ ಕಾರಿನಡಿ ಇರುತ್ತಿದ್ದೆ. ಜಾಕನ್ನು ವಾಪಸು ಕಳಿಸಿದೆ. ಫೋನಿನಲ್ಲಿ ವಾಪಸಿನ ಕಾರಣ ಆರಿಸಬೇಕಿತ್ತು. ‘ಹೇಳಿದವರ ಮಾತು ಕೇಳಲಿಲ್ಲ’ ಎಂಬುದು ಅವರ ಪಟ್ಟಿಯಲ್ಲಿರಲಿಲ್ಲ.

ಎತ್ತಿ ನೋಡುವ ಗಿರಾಕಿ

ಎರಡು ತಿಂಗಳು ಬಿಟ್ಟು ಬಂದರಿನ ಅಂಗಡಿಗೆ ಹೋದೆ. ಸೆರಗು ಸಿಕ್ಕಿಸಿ, ಸಾಲಾಗಿ ಇಟ್ಟಿದ್ದ ಜಾಕುಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದೆ. ಅಂಗಡಿಯವರು ಕನ್ನಡಕ ಸರಿಮಾಡಿಕೊಂಡು ನೋಡುತ್ತಲೇ ಇದ್ದರು. ನಾಲ್ಕನೆಯದು ಗೇಣುದ್ದ ಮೇಲೆ ಬರುವಷ್ಟರಲ್ಲಿ ನನ್ನ ಸೊಂಟ ಕಟಕ್ ಎಂದಿತು. "ಇದು ಆಗಬಹುದು" ಎಂದೆ.

"ನೀವು ಟೀಚರಾ?" ಎಂದು ಕೇಳಿದರು.

"ಹೌದು. ನಿಮಗೆ ಹೇಗೆ ಗೊತ್ತಾಯ್ತು?"

"ನಂತೂರಿನ ಮೆಕ್ಯಾನಿಕ್ ಆಗಲೇ ಹೇಳಿ ಹೋಗಿದ್ರು. ಒಬ್ಬರು ಟೀಚರ್ ಬರ್ತಾರೆ, ಜಾಕ್ ಎತ್ತಿ ಎತ್ತಿ ನೋಡ್ತಾರೆ, ಒಳ್ಳೇದು ನೋಡಿ ಕೊಡಿ. ಸ್ಟ್ಯಾಂಡ್ ಬೇಡ ಅಂತಾರೆ, ಕೊಡದೆ ಬಿಡ್ಬೇಡಿ ಅಂತ."

ಸ್ಟ್ಯಾಂಡ್ ಬೇಡ ಎನ್ನಲು ತೆರೆದಿದ್ದ ಬಾಯಿಯನ್ನು ಮುಚ್ಚಿಕೊಂಡೆ. ಅಷ್ಟು ಅವಮಾನ ಮಾಡಿದ ಮೇಲೂ ಅವರು ಇಲ್ಲಿಗೆ ಬಂದು ನನ್ನ ಜೀವದ ಬಗ್ಗೆ ಹೇಳಿ ಹೋಗಿದ್ದರು. ಜಾಕು, ಎರಡು ಸ್ಟ್ಯಾಂಡು ಡಿಕ್ಕಿಯಲ್ಲಿ ಹಾಕಿಸಿ ಕಾರನ್ನು ನೇರ ಗ್ಯಾರೇಜಿನತ್ತ ಬಿಟ್ಟೆ. ದಾರಿಯುದ್ದಕ್ಕೂ ‘ಸಾರಿ’ ಎಂದು ಅಭ್ಯಾಸ ಮಾಡಿದೆ.

ಗ್ಯಾರೇಜಿನ ಶಟರ್ ಕೆಳಗಿತ್ತು. ಅದಕ್ಕೆ ಬೀಗ.

"ರಸ್ತೆ ಅಗಲ ಮಾಡ್ತಾರಲ್ಲ, ಈ ಸಾಲು ಪೂರಾ ಹೋಗ್ತದೆ" ಎಂದ ಪಕ್ಕದ ಎಳನೀರಿನ ಅಂಗಡಿಯವ. "ಅವರು ಉಳ್ಳಾಲಕ್ಕೆ ಮಗಳ ಮನೆಗೆ ಹೋದ್ರು. ಇನ್ನು ಕೆಲಸ ಸಾಕಂತೆ."

ರಸ್ತೆಗೂ ನನ್ನ ನಾಲಿಗೆಗೂ ಸಂಬಂಧವಿಲ್ಲ, ವಿಜ್ಞಾನ ಕಲಿಸಿದವಳಿಗೆ ಅಷ್ಟು ಗೊತ್ತು. ಆದರೂ ಆ ಬೀಗ ನಾನೇ ಹಾಕಿದ ಹಾಗೆ ಕಂಡಿತು. ಅವರ ಫೋನ್ ನಂಬರ್ ಇತ್ತು. ಮೂರು ಸಲ ಒತ್ತಿ, ರಿಂಗ್ ಆಗುವ ಮೊದಲೇ ಮೂರು ಸಲವೂ ಕಟ್ ಮಾಡಿದೆ.

"ಜಾಕ್ ಸಿಕ್ತಾ?" ಎಂದು ಮನೆಗೆ ಬಂದಾಗ ಕೇಳಿದರು ಗಂಡ.

"ಸಿಕ್ತು."

"ಮೆಕ್ಯಾನಿಕ್?"

"ಇಲ್ಲ, ಬಾಗಿಲು ಹಾಕಿ ಹೋಗಿದ್ದಾರೆ."

"ಒಳ್ಳೇದಾಯ್ತು. ಇನ್ನು ಕಾರು ಹಾಳಾದ್ರೆ ಎತ್ತಿ ಇಟ್ಟು ನೋಡ್ತಾ ಕೂರಬಹುದು."

ಮುಚ್ಚಳ

ಪಕ್ಕದ ಮನೆಯವರದು ಹೋಟೆಲ್ ವ್ಯಾಪಾರ. ಅವರ ಮನೆಯೊಡತಿಯ ಉಂಗುರ ಒಂದು ದಿನ ಉರುಳಿ, ಹಿರಿಯರ ಕಾಲದ ಬೀಟೆ ಮರದ ಕಪಾಟಿನಡಿ ಹೋಯಿತು. ನಾಲ್ಕು ಜನ ಸೇರಿದರೂ ಅಲುಗಾಡದ ಕಪಾಟು. ನನ್ನ ಜಾಕಿಗೆ ಕರೆ ಬಂತು.

ಎತ್ತಿದೆವು. ಉಂಗುರ ಸಿಕ್ಕಿತು. ಅದರ ಜೊತೆ ಒಂದು ಸ್ಟೀಲ್ ಮುಚ್ಚಳವೂ ಹೊರಬಂತು. ಕ್ರಿಸ್ಮಸ್ಸಿಗೆ ನಾನು ತಿಂಡಿ ತುಂಬಿಸಿ ಕೊಟ್ಟು, ಮುಚ್ಚಳವಿಲ್ಲದೆ ವಾಪಸು ಬಂದ ಡಬ್ಬದ್ದು. ಮುಚ್ಚಳ ಎಲ್ಲಿ ಎಂದು ನಾನು, ಮುಚ್ಚಳ ಇರಲೇ ಇಲ್ಲ ಎಂದು ಅವರು, ಮೂರು ವರ್ಷ ನಮ್ಮಿಬ್ಬರ ಮಾತು ಅರ್ಧಕ್ಕರ್ಧ ನಿಂತಿತ್ತು.

"ಅಯ್ಯೋ, ಸಾರಿ ಮಾರಾಯ್ರೇ! ನನ್ನದೇ ತಪ್ಪು. ಬನ್ನಿ, ಚಾ ಕುಡಿಯುವ" ಎಂದು ಅವರು ನನ್ನ ಕೈ ಹಿಡಿದುಕೊಂಡರು.

ಎಷ್ಟು ಸುಲಭದಲ್ಲಿ ಹೇಳಿದರು! ಆ ಒಂದು ಮಾತು ಹೊತ್ತುಕೊಂಡು ತಿಂಗಳುಗಟ್ಟಲೆ ತಿರುಗುತ್ತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ಮುಂದಿನ ವಾರ ಪವಿತ್ರ ಗುರುವಾರ. ಇಗರ್ಜಿಯಲ್ಲಿ ಪಾದ್ರಿಯವರು ಪ್ರತಿ ವರ್ಷದ ಕ್ರಮದಂತೆ ಹನ್ನೆರಡು ಜನರ ಪಾದ ತೊಳೆಯುವಾಗ, ಗ್ರೀಸು ಹಿಡಿದ ಒಂದು ಪಾದವೂ ಅಲ್ಲಿ ಕಾಣದೆ ನನ್ನ ಕಣ್ಣು ತುಂಬಿತು. ಪಕ್ಕದಲ್ಲಿದ್ದವರು ನನ್ನ ಭಕ್ತಿ ಮೆಚ್ಚಿದರು.

ಮುಚ್ಚಳವೇನೋ ಮನೆಗೆ ಬಂತು. ಡಬ್ಬವನ್ನು ನಾನು ಮೂರು ವರ್ಷದ ಹಿಂದೆ ಸಿಟ್ಟಿನಲ್ಲಿ ಗುಜರಿಗೆ ಹಾಕಿದ್ದೆ.

ಮೀನಿನಾಕೆ

ಕೊನೆಗೂ ಆಯಿಲ್ ಬದಲಿಸುವ ದಿನ ಬಂತು. ಕಾರಿನ ಮುಂಭಾಗ ಎತ್ತಿ, ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಳೆಯ ನೈಟಿಯಲ್ಲಿ ಕಾರಿನಡಿ ನುಗ್ಗಿದೆ. ಆಯಿಲ್ ಇಳಿಸಲು ಕೆಳಗೊಂದು ಬೋಲ್ಟ್ ಇರುತ್ತದೆ. ಅದು ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ. ಮೂರು ದಿನ ಅದರ ಜೊತೆ ಗುದ್ದಾಡಿದೆ.

ಮೂರನೆಯ ದಿನ, ಉಳ್ಳಾಲದಿಂದ ಬುಟ್ಟಿ ತರುವ ಮೀನಿನಾಕೆ ಗೇಟು ತೆರೆದಳು. ಅವಳಿಗೆ ಕಂಡದ್ದು ಕಾರಿನಡಿಯಿಂದ ಹೊರಗೆ ಚಾಚಿದ ಎರಡು ಕಾಲು, ಕೇಳಿದ್ದು ಬೋಲ್ಟಿನ ಜೊತೆ ನಾನು ಮುಕ್ಕರಿಯುವ ಸದ್ದು. "ಅಯ್ಯೋ ದೇವರೇ, ಟೀಚರ್ ಪೋಯೆರ್!" ನಾನು ಹೋಗಿಯೇಬಿಟ್ಟೆನೆಂದು ತುಳುವಿನಲ್ಲಿ ಬೊಬ್ಬೆ ಹಾಕುತ್ತಾ, ನನ್ನ ಎರಡೂ ಕಾಲು ಹಿಡಿದು ದರದರ ಎಳೆದಳು. ಸ್ಪ್ಯಾನರ್ ಸಮೇತ ಹೊರಗೆ ಬಂದೆ.

"ಹೋಗ್ಲಿಲ್ಲ ಮಾರಾಯ್ತಿ! ಬೋಲ್ಟ್ ಬಿಚ್ತಾ ಇದ್ದೇನೆ" ಎಂದೆ.

ಅವಳು ನಂಬಲಿಲ್ಲ. ಹೋದ ದಾರಿಯುದ್ದಕ್ಕೂ ಸುದ್ದಿ ಹಂಚಿದಳು. ಸಂಜೆಯವರೆಗೆ ಫೋನು ಬಂದದ್ದೇ ಬಂದದ್ದು. ಗಂಡ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: "ಇದ್ದಾರೆ. ಮಾತಾಡ್ತಾನೂ ಇದ್ದಾರೆ. ಅದರಲ್ಲಿ ಮಾತ್ರ ಏನೂ ಸುಧಾರಣೆ ಇಲ್ಲ."

ಕೊನೆಯ ಬೆಂಚು

ಮರುದಿನ ಬೆಳಿಗ್ಗೆ ಪುನಃ ಕಾರಿನಡಿ ಇದ್ದೆ. ಗೇಟಿನ ಸದ್ದಾಯಿತು. "ನೋಡಿ, ನಾನು ಹೇಳಿದ್ದು ಸುಳ್ಳಾ? ಅದೇ ಕಾಲು, ಅದೇ ನೈಟಿ" ಎಂದು ಮೀನಿನಾಕೆ ಯಾರಿಗೋ ಹೇಳುತ್ತಿದ್ದಳು. ಕಾರಿನ ಪಕ್ಕ ಎರಡು ಪಾದ ಬಂದು ನಿಂತವು. ಬಿಳಿ ಪಂಚೆಯ ಅಂಚು, ರಬ್ಬರ್ ಚಪ್ಪಲಿ, ತೊಳೆದಿಟ್ಟ ಹಾಗಿದ್ದ ಹಿಮ್ಮಡಿ. ಯಾರೋ ಎಂದುಕೊಂಡೆ. ಆಮೇಲೆ ಬಲಗಾಲಿನ ಹೆಬ್ಬೆರಳು ಕಂಡಿತು. ಉಗುರು ಎರಡಾಗಿತ್ತು.

"ಸ್ಟ್ಯಾಂಡ್ ಇಟ್ಟಿದ್ದೀರಾ, ಟೀಚರ್?"

"ಇಟ್ಟಿದ್ದೇನೆ."

"ಹಿಂದಿನ ಚಕ್ರಕ್ಕೆ ಕಲ್ಲು?"

"ಅದೂ ಉಂಟು."

"ಹಾಗಾದ್ರೆ ಆಯ್ತು. ಕಾರು ನಿಮ್ಮ ಮೇಲೆ ಕೂತಿದೆ ಅಂತ ಇವಳು ಉಳ್ಳಾಲ ಇಡೀ ಹೇಳ್ತಾ ಇದ್ಳು. ಮನಸ್ಸು ಕೇಳ್ಲಿಲ್ಲ."

ಅಷ್ಟು ವರ್ಷದ ಗ್ರೀಸು ಕೆಲವೇ ತಿಂಗಳಲ್ಲಿ ಪೂರ್ತಿ ಹೋಗಿತ್ತು. ಆ ಶುಭ್ರ ಹಿಮ್ಮಡಿ ನೋಡಿ ನನಗೆ ಅಳು ಬಂತು. ಕಾರಿನಡಿ ಇರುವವರ ಮುಖ ಹೊರಗಿನವರಿಗೆ ಕಾಣುವುದಿಲ್ಲ, ಅದೊಂದು ದೊಡ್ಡ ಅನುಕೂಲ. "ಆ ದಿನ ಗ್ಯಾರೇಜಿನ ಬಗ್ಗೆ ನಾನು ಹಾಗೆ ಹೇಳಬಾರದಿತ್ತು" ಎಂದೆ. "ನನ್ನದೇ ತಪ್ಪು. ಸಾರಿ."

ಪಾದಗಳು ಅಲುಗಾಡಲಿಲ್ಲ.

"ಕೊನೆಯ ಬೆಂಚಿಗೆ ಕೇಳ್ಲಿಲ್ಲ, ಟೀಚರ್" ಎಂದರು. "ನಿಮ್ಮ ಕ್ರಮ ಮಗಳು ಹೇಳಿದ್ದಾಳೆ."

ಹೊರಗೆ ಬಂದೆ. ಮುಖದಲ್ಲಿ ಮಸಿ, ತಲೆಯಲ್ಲಿ ಧೂಳು. ಕಾಂಪೌಂಡಿನಾಚೆ ಪಕ್ಕದ ಮನೆಯಾಕೆ, ಗೇಟಿನಲ್ಲಿ ಮೀನಿನಾಕೆ, ಸಿಟೌಟಿನಲ್ಲಿ ಗಂಡ. ಅವಮಾನ ಮಾಡಿದ ದಿನ ಕೇಳುವವರು ಇಬ್ಬರಿದ್ದರು, ಇಂದು ಒಬ್ಬರು ಹೆಚ್ಚೇ ಇದ್ದರು. ನೆಟ್ಟಗೆ ನಿಂತು, ಮೊದಲ ಸಲ ಅವರ ಮುಖ ಸರಿಯಾಗಿ ನೋಡಿ, ಮೂವತ್ತನಾಲ್ಕು ವರ್ಷದ ಸ್ವರ ಪೂರಾ ಸೇರಿಸಿ ಹೇಳಿದೆ: "ಸಾರಿ!"

"ಈಗ ಕೇಳ್ತು" ಎಂದರು ಮೆಕ್ಯಾನಿಕ್. ಆಮೇಲೆ, "ಗ್ಯಾರೇಜ್ ಹೋದದ್ದು ನಿಮ್ಮಿಂದ ಅಲ್ಲ, ಟೀಚರ್. ಆದ್ರೆ ಬೀಗ ಹಾಕುವಾಗ ನಿಮ್ಮ ಮಾತೇ ನೆನಪಾಯ್ತು" ಎಂದರು.

ಆ ದಿನ ಮೂರು ಸಲ ಕಟ್ ಮಾಡಿದ ಫೋನನ್ನು ಒಂದು ಸಲವಾದರೂ ರಿಂಗ್ ಆಗಲು ಬಿಡಬೇಕಿತ್ತು.

"ಇರ್ಲಿ, ಆ ಬೋಲ್ಟ್ ನೋಡುವ" ಎಂದು ಅವರೇ ಮಾತು ತಿರುಗಿಸಿದರು. "ಎಷ್ಟು ದಿನ ಆಯ್ತು?"

"ಇವತ್ತಿಗೆ ನಾಲ್ಕು. ಎಷ್ಟು ತಿರುಗಿಸಿದ್ರೂ ಬಿಚ್ಚುವುದಿಲ್ಲ."

"ನನಗೆ ಈಗ ಕೆಳಗೆ ಮಲಗ್ಲಿಕ್ಕೆ ಆಗುದಿಲ್ಲ. ನೀವು ಹೋಗಿ ತಿರ್ಗಿಸಿ, ನಾನು ಬಗ್ಗಿ ನೋಡ್ತೇನೆ."

ಕಾರಿನಡಿ ಹೋಗಿ ಸ್ಪ್ಯಾನರ್ ಹಾಕಿ, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ತಿರುಗಿಸಿದೆ. ಮೇಲಿನಿಂದ ಸದ್ದೇ ಇಲ್ಲ. ಓರೆಗಣ್ಣಿನಿಂದ ನೋಡಿದರೆ ಆ ಎರಡು ಪಾದ ನಡುಗುತ್ತಿದ್ದವು. ಹದಿನಾರು ವರ್ಷದಲ್ಲಿ ಆ ಪಾದಗಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಟೀಚರ್" ಎಂದರು ಮೆಕ್ಯಾನಿಕ್, ಉಸಿರು ಸಿಕ್ಕಿದ ಮೇಲೆ. "ನಾಲ್ಕು ದಿನದಿಂದ ನೀವು ಅದನ್ನು ಬಿಚ್ತಾ ಇಲ್ಲ. ಬಿಗಿ ಮಾಡ್ತಾ ಇದ್ದೀರಿ."