ತಾಮ್ರದ ಕೊಡವೂ ಕಡಲ ಸಿಪಾಯಿಯೂ

ಹಂಪಣ್ಣ ಹೇಳಿದ್ದು ಒಂದೇ ಒಂದು ಸುಳ್ಳು. ಆದರೆ ಅದನ್ನು ಮಸ್ಕಿಯಲ್ಲಿ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಹೇಳಿದ್ದರಿಂದ, ಅವನು ಟ್ರಂಕು ಹೊತ್ತು ಮನೆ ಮುಟ್ಟುವಷ್ಟರಲ್ಲಿ ಸುಳ್ಳು ಮೊದಲೇ ಬಂದು ಪಡಸಾಲೆಯಲ್ಲಿ ಕೂತಿತ್ತು.

"ಹಡಗಿನ ಮ್ಯಾಲಿಂದ ಜಿಗದು ಎರಡು ಮೈಲು ಈಜಿದ್ಯಂತಲ್ಲೋ ನನ್ನಪ್ಪಾ!" ಎಂದು ಅವ್ವ ಕಲ್ಯಾಣಮ್ಮ ಬಾಗಿಲಲ್ಲೇ ದೃಷ್ಟಿ ತೆಗೆದಳು.

ನಿಜವೇನೆಂದರೆ, ವಿಶಾಖಪಟ್ಟಣದಲ್ಲಿ ಆರು ತಿಂಗಳು ನೌಕಾದಳದ ತರಬೇತಿ ಪಡೆದ ಹಂಪಣ್ಣ ಇನ್ನೂ ಹಡಗು ಹತ್ತಿರಲಿಲ್ಲ. ಬೆಳಗಿನ ಐದಕ್ಕೆ ಸೀಟಿ ಊದಿದರೆ ಎದ್ದು ಜೋಳಿಗೆಯಂಥ ಹಾಸಿಗೆ ಸುತ್ತಬೇಕು, ಹಿತ್ತಾಳೆ ಗುಂಡಿ ಉಜ್ಜಬೇಕು, ಮುಖ ಕಾಣುವ ಹಾಗೆ ಬೂಟು ಹೊಳೆಸಬೇಕು. ಅದೆಲ್ಲ ಅವನಿಗೆ ಒಗ್ಗಿತ್ತು. ಹಗ್ಗದ ಗಂಟು ಹಾಕುವುದರಲ್ಲಂತೂ ಇಡೀ ತುಕಡಿಗೆ ಅವನೇ ಮೊದಲು. ಹುಟ್ಟಿದಾಗಿನಿಂದ ಎಮ್ಮೆ ಕಟ್ಟಿದ ಕೈ ಅದು. ನೀರಿಗಿಳಿದರೆ ಮಾತ್ರ ಕತೆ ಬೇರೆ. ಈಜುಕೊಳಕ್ಕೆ ಜಿಗಿದವನು ರುಬ್ಬುಗುಂಡಿನಂತೆ ನೆಟ್ಟಗೆ ತಳಕ್ಕೆ ಹೋಗಿ ಅಲ್ಲೇ ಕೂತುಬಿಡುತ್ತಿದ್ದ. ಈಜು ಕಲಿಸುವ ಸರ್ದಾರ್ ಉಸ್ತಾದರು ಅವನನ್ನು ಮೇಲೆಳೆಯಲೆಂದೇ ಒಂದು ಉದ್ದನೆಯ ಬಿದಿರು ಕೊಕ್ಕೆ ಮಾಡಿಸಿಟ್ಟಿದ್ದರು. ಅವನಿಗೊಂದು ಹೆಸರನ್ನೂ ಇಟ್ಟಿದ್ದರು: ಲಂಗರು.

ರಜೆಗೆ ಬಂದ ಹತ್ತನೆಯ ದಿನ ತುಕಡಿಯ ಕಾರವಾರದ ಗೆಳೆಯನಿಂದ ಕಾರ್ಡು ಬಂತು. 'ಲಂಗರೂ, ಊರ ಬಾವಿಯಲ್ಲಾದರೂ ಈಜು ಕಲಿತು ಬಾ. ಈ ಸಲದ ಪರೀಕ್ಷೆಯಲ್ಲೂ ಮುಳುಗಿದರೆ ಮನೆಗೆ ಕಳಿಸುತ್ತಾರಂತೆ.' ಟಪಾಲಿನ ಮೌಲಾಸಾಬ್‌ಗೆ ವಿಳಾಸದಾಚೆ ಓದುವ ಚಟವಿರಲಿಲ್ಲ. ಬಚಾವಾದೆ ಎಂದುಕೊಂಡು ಹಂಪಣ್ಣ ಕಾರ್ಡನ್ನು ಟ್ರಂಕಿನ ತಳದಲ್ಲಿ ಮುಚ್ಚಿಟ್ಟ.

ಮುಚ್ಚಿಡಲು ಕಾರಣವಿತ್ತು. ಲಿಂಗಸುಗೂರಿನ ಕಿರಾಣಿ ಅಂಗಡಿಯ ಸೂಗಪ್ಪ ತನ್ನ ಒಬ್ಬಳೇ ಮಗಳನ್ನು ಕೊಡುವ ಮಾತೆತ್ತಿದ್ದ. ಸೋಮವಾರ ಮನೆ ನೋಡಲು ಬರುವವನಿದ್ದ. ಮಗಳ ಹೆಸರು ವೀರಭದ್ರಮ್ಮ. ಹಿಂದಿನ ವರ್ಷ ನೆಂಟರ ಮದುವೆಯಲ್ಲಿ ಹಂಪಣ್ಣನ ಎಲೆಗೆ ಮೂರನೆಯ ಸಲ ತುಪ್ಪ ಸುರಿದು, "ಸಾಕಂದ್ರ ಕೈ ಅಡ್ಡ ಹಿಡೀಬೇಕ್ರೀ" ಎಂದು ನಕ್ಕಿದ್ದಳು. ಅಂದಿನಿಂದ ಅವನ ಕನಸಿನಲ್ಲೂ ತುಪ್ಪದ ವಾಸನೆ.

"ಕಡಲು ಈಜಿದ ಅಳಿಯ ಅಂತನ ಬರಾಕತ್ತಾನ ಸೂಗಪ್ಪ, ನೋಡ್ಕೋ," ಎಂದಿದ್ದಳು ಅವ್ವ. ಸುಳ್ಳು ಬಯಲಾದರೆ ವೀರಭದ್ರಮ್ಮನೂ ಇಲ್ಲ, ತುಪ್ಪವೂ ಇಲ್ಲ.

ಸೋಮವಾರ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಸರಿಯಾಗಿ ಕಲ್ಯಾಣಮ್ಮ ಓಣಿಯ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಹಗ್ಗ ಹರಿಯಿತು. ತವರಿನ ತಾಮ್ರದ ಕೊಡ 'ಗುಡುಂ' ಎಂದು ಒಳಗೆ ಹೋಯಿತು.

"ಅಯ್ಯೋ ಶಿವನೇ! ಬೀಗರ ಕಾಲಿಗೆ ನೀರು ಯಾತರಾಗ ಕೊಡ್ಲಿ?"

ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು, ಅಂದರೆ ಪಾತಾಳಗರಡಿ, ಓಣಿಗೆಲ್ಲ ಇದ್ದದ್ದು ಒಂದೇ. ಅದು ಎದುರು ಮನೆಯ ಗದ್ದೆಮ್ಮನದು. ಹಂಪಣ್ಣ ಓಡಿಹೋಗಿ ಕೇಳಿದ.

ಗದ್ದೆಮ್ಮ ಸೊಂಟಕ್ಕೆ ಕೈಯಿಟ್ಟು ಓಣಿ ಕೇಳುವಂತೆ ಕೂಗಿದಳು: "ಕೇಳ್ರೆವ್ವಾ! ಸಮುದ್ರ ಈಜಿದಾವ ಗರಡಿ ಕೇಳಾಕತ್ತಾನ! ಹುಲಿ ಬಂದು ಬೆಕ್ಕಿಗೆ ಇಲಿ ಹಿಡಕೊಡು ಅಂದಂಗಾತು!"

"ಅಲ್ಲ ಚಿಗವ್ವಾ, ಗರಡಿ ಇದ್ರ ಜಲ್ದಿ…"

"ಏನ್ ಜಲ್ದಿ? ಎರಡು ಮೈಲು ಈಜಿದಾವಗ ಒಂದೂವರೆ ಆಳು ನೀರು ಯಾವ ಲೆಕ್ಕ?"

ನೆರೆಮನೆಯ ಹುಸೇನಬಾಷಾ ಆಗಲೇ ಗಾಡಿಯ ಹಗ್ಗ ಹೆಗಲಿಗೇರಿಸಿಕೊಂಡು ಬಂದಿದ್ದ. "ಜಿಗಿ ದೋಸ್ತ್, ನಾವೂ ನೋಡ್ತೀವಿ!" ಓಣಿಯ ಮಂದಿ ಬಾವಿಕಟ್ಟೆಯ ಸುತ್ತ ಬೆಲ್ಲಕ್ಕೆ ನೊಣ ಮುತ್ತಿದಂತೆ ಮುತ್ತಿದರು. ಆ ಗುಂಪನ್ನು ಸೀಳಿಕೊಂಡು, ಹೆಗಲಿಗೆ ವಲ್ಲಿ, ಕಂಕುಳಲ್ಲಿ ಕೊಡೆ, ಸೂಗಪ್ಪನೂ ಬಂದ.

ವಿಷಯ ಕೇಳಿ ಅವನ ಮುಖ ಸಣ್ಣಗಾಯಿತು. "ಬ್ಯಾಡ ಬಿಡ್ರೀ. ಹುಡುಗಗ ಯಾಕ ತ್ರಾಸು? ಕಾಲು ನಾ ಹಂಗ ಒರಿಸ್ಕೋತೀನಿ."

ಆ ಮಾತು ಹಂಪಣ್ಣನಿಗೆ ಚುಚ್ಚಿತು. ಮಾವನಿಗೆ ಅನುಮಾನ! ತುಪ್ಪದ ಸೌಟು ಕಣ್ಣೆದುರು ಹಾದುಹೋಯಿತು. ಅದರ ಹಿಂದೆಯೇ ಒಂದು ವಿಚಾರವೂ ಹೊಳೆಯಿತು. ಕೊಡ ಇರುವುದು ಎಲ್ಲಿ? ತಳದಲ್ಲಿ. ತಳಕ್ಕೆ ಹೋಗಲು ಈಜು ಯಾಕೆ ಬೇಕು? ಮುಳುಗಲು ಬಂದರೆ ಸಾಕು. ಮುಳುಗುವುದರಲ್ಲಿ ತನ್ನನ್ನು ಮೀರಿಸುವವನು ಇಡೀ ನೌಕಾದಳದಲ್ಲೇ ಇಲ್ಲ!

ಎದೆಯುಬ್ಬಿಸಿ ಅಂಗಿ ಬಿಚ್ಚಿದ. ಗಾಡಿಯ ಹಗ್ಗವನ್ನು ಸೊಂಟಕ್ಕೆ ಜಾರದ, ಬಿಗಿಯದ ಗಂಟಿನಲ್ಲಿ ಕಟ್ಟಿಕೊಂಡ. "ಬಾಷಾ, ಮೂರು ಸಲ ಜಗ್ಗಿದ್ರ ಎಳಿ. ಜಗ್ಗಲಿಲ್ಲಂದ್ರೂ ಎಳಿ," ಎಂದು ಕಿವಿಯಲ್ಲಿ ಉಸುರಿ, ಮಸ್ಕಿ ಮಲ್ಲಯ್ಯನನ್ನು ನೆನೆದು ಹಾರಿದ.

ದೇವರು ಕೈಬಿಡಲಿಲ್ಲ, ನೀರು ಮೇಲೆತ್ತಲಿಲ್ಲ. ನೆಟ್ಟಗೆ ತಳಕ್ಕೆ ಹೋದ. ಕತ್ತಲಲ್ಲಿ ತಡಕಾಡಿದರೆ ಮೊದಲು ಯಾವುದೋ ಕಬ್ಬಿಣ ಅಂಗೈಗೆ ಚುಚ್ಚಿತು, ಪಕ್ಕದಲ್ಲೇ ಕೊಡ. ಸೊಂಟದ ಗಂಟಿನಾಚೆ ಉಳಿದ ಹಗ್ಗದ ತುದಿಯನ್ನು ಕೊಡದ ಕಂಠಕ್ಕೆ ಎರಡು ಸುತ್ತು ಹಾಕಿ ಮೂರು ಸಲ ಜಗ್ಗಿದ. ಮೇಲೆ ಬಂದಾಗ ಕೊಡವನ್ನು ಅಪ್ಪಿಕೊಂಡಿದ್ದ. ನೋಡಿದವರಿಗೆ ಕೊಡವೇ ಅವನನ್ನು ಎತ್ತಿ ತಂದಂತಿತ್ತು.

ಓಣಿ ಚಪ್ಪಾಳೆಯಿಂದ ಅದುರಿತು. "ಎಷ್ಟೊತ್ತು ಉಸಿರು ಹಿಡಿದಿದ್ದನ್ರೀ! ಮೊಸಳಿ, ಮೊಸಳಿ!" ಎಂದ ಹುಸೇನಬಾಷಾ. ಅದೇ ಕೊಡದ ನೀರನ್ನು ಕಲ್ಯಾಣಮ್ಮ ಸೂಗಪ್ಪನ ಕಾಲಿಗೆ ಕೊಟ್ಟಳು.

ಸೂಗಪ್ಪ ಕಾಲು ತೊಳೆದ. ಆದರೆ ಹೊಸಿಲು ದಾಟಲಿಲ್ಲ.

"ತಂಗೀ, ತಪ್ಪು ತಿಳೀಬ್ಯಾಡ. ಒಬ್ಬಾಕಿ ಮಗಳು. ಕಡಲಿಗೆ ಹೋಗಾವಗ ಕೊಟ್ಟು ದಿನಾ ದಾರಿ ಕಾಯಾಕ ಆಗಂಗಿಲ್ಲ. ನನಗ ಅಂಗಡ್ಯಾಗ ಕೂಡೋ ಅಳಿಯ ಬೇಕಾಗಿತ್ತು."

"ಮತ್ತ… ಬಂದದ್ದ್ಯಾಕ್ರೀ ಅಣ್ಣಾ?"

"ಮಸ್ಕಿ ಟಪಾಲು ನಮ್ಮೂರ ಮ್ಯಾಲೇ ಹಾಯ್ದು ಬರತೈತಲ್ಲ, ನನ್ನ ಅಂಗಡಿ ಕಟ್ಟಿ ಮ್ಯಾಲೇ ಚೀಲ ಬಿಚ್ಚಿ ವಿಂಗಡಸ್ತಾರ, ಇವನ ಗೆಳೆಯನ ಕಾರ್ಡು ನನ್ನ ಕಣ್ಣಿಗೆ ಬಿತ್ತು. ಪಾಕೀಟು ಓದಿದ್ರ ಪಾಪ, ಕಾರ್ಡು ಓದಿದ್ರ ರೂಢಿ. ಹುಡುಗಗ ಈಜು ಬರಂಗಿಲ್ಲ, ಮನಿಗೆ ಕಳಸ್ತಾರ ಅಂತ ಬರದಿತ್ತು. ಬಂಗಾರದಂಥ ಸುದ್ದಿ! ಲಗ್ನದ ತಾರೀಖು ಹಿಡಿಯಾಕನ ಬಂದಿದ್ದೆ. ಇಲ್ಲಿ ನೋಡಿದ್ರ ಮೀನಿನಂಗ ಈಜತಾನ. ಇಂಥಾವನ್ನ ಸರಕಾರ ಬಿಟ್ಟೀತಾ?"

ಹಂಪಣ್ಣ ಒದ್ದೆ ಮೈಯಲ್ಲೇ ಅವನ ಕಾಲಿಗೆ ಬಿದ್ದ. "ಮಾವಾ! ನನಗ ಈಜಾಕ ಬರಂಗಿಲ್ರೀ! ಮಲ್ಲಯ್ಯನ ಆಣಿ!"

ಓಣಿಗೆ ಓಣಿಯೇ ನಕ್ಕಿತು. "ನೋಡ್ರಿ, ಎಷ್ಟು ವಿನಯ!" ಎಂದಳು ಗದ್ದೆಮ್ಮ. "ಮಿಲಿಟರಿಯವರು ಹಂಗರೀ, ಸುಮ್ನ ದೊಡ್ಡಸ್ತನ ಹೇಳ್ಕೊಳಂಗಿಲ್ಲ."

ಸೂಗಪ್ಪ ಅವನ ಬೆನ್ನು ತಟ್ಟಿ, "ದೇಶಕ್ಕ ಒಳ್ಳೇದಾಗ್ಲಿ" ಎಂದು ಕೊಡೆ ಬಿಚ್ಚಿ ನಡೆದುಬಿಟ್ಟ. ಅತ್ತ ವಿಶಾಖಪಟ್ಟಣದಲ್ಲಿ ಬಿದಿರು ಕೊಕ್ಕೆ ಕಾಯುತ್ತಿತ್ತು. ಇತ್ತ ಲಿಂಗಸುಗೂರಿನ ಅಂಗಡಿ ದೂರವಾಗುತ್ತಿತ್ತು.

ಜನ ಚದುರಿದರು. ಗದ್ದೆಮ್ಮ ಮಾತ್ರ ಸೆರಗಿನ ತುದಿ ತಿರುವುತ್ತ ಹತ್ತಿರ ಬಂದಳು.

"ಹಂಪಣ್ಣಾ, ಹೆಂಗೂ ಮೈ ಒದ್ದಿ ಆಗೇತಿ. ಇನ್ನೊಂದು ಸಲ ಇಳೀತೀ ಏನಪ್ಪಾ? ಹೋದ ವಾರ ನನ್ನ ಗರಡೀನೂ ಅದ್ರಾಗ ಬಿದ್ದೈತಿ. ನಾಚಿಕಿ ಬಂದು ಯಾರಿಗೂ ಹೇಳಿದ್ದಿಲ್ಲ."