ಮೃತ್ಯುಪತ್ರಕ್ಕೆ ಹೂ ಕೇಳಿದ್ದು

ಕೆಲವರಿಗೆ ಡಾಕ್ಟರ ಹೆದರಿಕೆ, ಕೆಲವರಿಗೆ ಪೊಲೀಸರ ಹೆದರಿಕೆ. ನನಗಿರುವುದು ವಕೀಲರ ಹೆದರಿಕೆ. ಹೀಗೆಂದ ಕೂಡಲೇ ನಾನು ಯಾವುದೋ ದಾವೆಯಲ್ಲಿ ಸೋತು ಸುಣ್ಣವಾದವನೆಂದು ತಿಳಿಯಬೇಡಿ. ನಮ್ಮ ವಂಶದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರೇ ಇಲ್ಲ. ಹತ್ತದೆಯೇ ಹೆದರುವುದು ನಮ್ಮ ಪದ್ಧತಿ. 'ಗೆದ್ದವ ಸೋತ, ಸೋತವ ಸತ್ತ' ಎಂಬ ಮಾತನ್ನು ನಮ್ಮಲ್ಲಿ ಮಕ್ಕಳಿಗೆ ಓನಾಮಕ್ಕಿಂತ ಮೊದಲು ಕಲಿಸುತ್ತಾರೆ. ಶಿರಸಿಯ ಪೇಟೆಯಲ್ಲಿ ಕರಿಕೋಟು ಎದುರಾದರೆ ನಾನು ಅಗತ್ಯಕ್ಕಿಂತ ಹೆಚ್ಚು ಬಗ್ಗಿ ನಮಸ್ಕಾರ ಮಾಡಿ ರಸ್ತೆಯ ಆಚೆ ಬದಿಗೆ ಸರಿಯುತ್ತೇನೆ. ಅಂಥ ನನ್ನನ್ನು ಈಗ ನನ್ನ ಹೆಂಡತಿ ವಕೀಲರ ಮನೆಗೆ ಹೋಗಿ ಬನ್ನಿ ಎಂದು ಪೀಡಿಸುತ್ತಿದ್ದಾಳೆ. ಹೋಗಬೇಕೋ ಬೇಡವೋ ಎಂಬ ಈ ತಾಪತ್ರಯ ನಾನಾಗಿ ಗಳಿಸಿದ್ದಲ್ಲ, ಅಪ್ಪನಿಂದ ಬಂದದ್ದು. ಆದ್ದರಿಂದ ಅಪ್ಪನಿಂದಲೇ ಶುರುಮಾಡಬೇಕು.

ನಮ್ಮಪ್ಪ ಬನವಾಸಿಯ ಕಡೆಯಿಂದ ಬಂದು ಶಿರಸಿಯಲ್ಲಿ ಬೆಲ್ಲದ ಅಂಗಡಿ ಇಟ್ಟವನು. ಮುಂದೆ ಅಂಗಡಿ, ನಡುವೆ ಪಡಸಾಲೆ, ಹಿಂದೆ ಅಡುಗೆಮನೆ ಮತ್ತು ದೇವರಕೋಣೆ. ಸಿದ್ದಾಪುರದ ಕಡೆಯ ಆಲೆಮನೆಗಳಿಂದ ಗಾಡಿಯಲ್ಲಿ ಜೋನಿಬೆಲ್ಲದ ಡಬ್ಬಿಗಳು ಬರುತ್ತಿದ್ದವು. ಜೋನಿಬೆಲ್ಲವೆಂದರೆ ಅಚ್ಚಿಗೆ ಹಾಕದ, ಜೇನಿನ ಹಾಗೆ ಸುರಿಯುವ ಬೆಲ್ಲ. ಅದು ದೋಸೆಗೆ ಎಷ್ಟು ಒಳ್ಳೆಯದೋ ಮನೆಗೆ ಅಷ್ಟೇ ಕೆಟ್ಟದ್ದು. ನಮ್ಮ ಮನೆಯಲ್ಲಿ ಅಂಟದ ವಸ್ತು ಇರಲಿಲ್ಲ. ನಾನು ಶಾಲೆಯ ಮಾಸ್ತರ; ಹುಡುಗರ ಪೇಪರುಗಳನ್ನು ತಿದ್ದಲು ಮನೆಗೆ ತಂದರೆ ಬೆಳಿಗ್ಗೆ ಎಲ್ಲ ಒಂದಕ್ಕೊಂದು ಅಂಟಿ ಕೂತಿರುತ್ತಿದ್ದವು, ಜಾಣನನ್ನೂ ದಡ್ಡನನ್ನೂ ಬಿಡಿಸುವುದು ಕಷ್ಟವಾಗುತ್ತಿತ್ತು. ಇರುವೆಗಳಂತೂ ಮನೆಯ ಮಂದಿಯೇ. ಅವುಗಳ ಸಾಲನ್ನು ದಾಟಿ ಓಡಾಡುವುದು ನಮಗೆ ರೂಢಿಯಾಗಿತ್ತು, ಯಾರೂ ಅದನ್ನು ವಿಶೇಷವಾಗಿ ನೋಡುತ್ತಿರಲಿಲ್ಲ.

ಈ ಮನೆಯ ಯಜಮಾನಿಕೆ ನೀಲವ್ವನದು. ನೀಲವ್ವ ಅಪ್ಪನ ತಂಗಿ, ನನಗೆ ಸೋದರತ್ತೆ. ಮದುವೆಯಾದ ಹೊಸತರಲ್ಲೇ ಗಂಡ ಮಲೇರಿಯಾ ಜ್ವರದಲ್ಲಿ ತೀರಿಕೊಂಡ. ಅಪ್ಪ ಗಾಡಿ ಕಟ್ಟಿಕೊಂಡು ಹೋಗಿ ಅವಳನ್ನೂ ಅವಳ ಟ್ರಂಕನ್ನೂ ಕರೆತಂದು, "ಇದು ನಿನ್ನ ಮನಿ ನೀಲಾ, ಯಾರೂ ನಿನ್ನ ಏಳು ಅನ್ನಾಂಗಿಲ್ಲ" ಎಂದನಂತೆ. ನನ್ನ ಅವ್ವ ಬೇಗ ಹೋದಳು. ನನ್ನನ್ನೂ ತಮ್ಮ ಈರಣ್ಣನನ್ನೂ ಬೆಳೆಸಿದವಳು ಅತ್ತೆಯೇ. ಅಪ್ಪನನ್ನೂ ಅವಳೇ ಬೆಳೆಸಿದಳು ಎನ್ನಬೇಕು. ಯಾಕೆಂದರೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಬೆಲ್ಲದ ವ್ಯಾಪಾರಿಗೆ ಸಕ್ಕರೆ ಕಾಯಿಲೆ ಎಂದು ಊರೆಲ್ಲ ನಕ್ಕಿತು. ಅಪ್ಪ ರುಚಿ ನೋಡುವ ನೆಪದಲ್ಲಿ ಡಬ್ಬಿಗೆ ಬೆರಳು ಅದ್ದುತ್ತಾನೆಂದು ಅತ್ತೆ ಮನೆಯೊಳಗಿನ ಡಬ್ಬಿಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಣ್ಣತಂಗಿಯರು ದಿನವೂ ಅದಕ್ಕಾಗಿ ಜಗಳಾಡುತ್ತಿದ್ದರು. "ನನ್ನ ಬೆಲ್ಲ ನನಗs ಇಲ್ಲೇನು?" ಎಂದು ಅವನು, "ನಿನಗs ಇಲ್ಲ" ಎಂದು ಅವಳು.

ಊರು ಇದ್ದಲ್ಲೇ ಇದ್ದು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ಹೊಸ ಹಿಂದೂ ಕಾಯಿದೆ ಬಂದಿದೆ, ಹೆಣ್ಣುಮಕ್ಕಳಿಗೂ ಪಾಲಂತೆ ಎಂದು ಪೇಟೆಯಲ್ಲಿ ಮಾತೋ ಮಾತು. ಹಾಗಾದರೆ ನಮ್ಮ ಅತ್ತೆಗೆ ಏನು ಎಂಬ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕಿತು. ಅಪ್ಪನ ಕಾಲಿನ ಗಾಯ ಒಂದು ಮಾಯದೆ ಉಳಿದಿತ್ತು. ಅವನ ನಂತರ ಅವಳು ಎಲ್ಲಿ? ಅಪ್ಪನಿಗೂ ಇದೇ ಚಿಂತೆ ಇತ್ತೆಂದು ಕಾಣುತ್ತದೆ, ಒಂದು ದಿನ ತಾನಾಗಿ ಟೊಪ್ಪಿಗೆ ಹಾಕಿಕೊಂಡು, "ವಕೀಲರ ಮನಿತನಕ ಹೋಗಿ ಬರೂಣು ಬಾ" ಎಂದ.

ನಾವು ಹೋದದ್ದು ಬೀದಿಯ ಕೊನೆಯ ವಕೀಲರಲ್ಲಿಗೆ. ನಮ್ಮ ಅಂಗಡಿಯ ಗಿರಾಕಿ, ಮೃದು ಮಾತಿನ ಮನುಷ್ಯ. "ಬನ್ನಿ ಸಾಹುಕಾರ್ರೇ, ಕೂತ್ಕೊಳ್ಳಿ. ಎಂತ ವಿಶೇಷ?" ಎಂದರು.

ಅಪ್ಪ ಸುತ್ತಲೂ ನೋಡಿದ. "ವಿಶೇಷ ಏನಿಲ್ರಿ. ಈ ವರ್ಷದ ಬೆಲ್ಲ ಹ್ಯಾಂಗೈತಿ ಅಂತ ಕೇಳಾಕ ಬಂದೆ" ಎಂದುಬಿಟ್ಟ.

ಆಮೇಲೆ ಬೆಲ್ಲದ ಬಣ್ಣ, ದೋಸೆಯ ಹದ, ಕಬ್ಬಿನ ಜಾತಿ ಎಂದು ಮಾತು ನಡೆಯಿತು. ಎಲೆಅಡಿಕೆಯ ಕವಳ ಹಾಕಿಕೊಂಡು ಎದ್ದು ಬಂದೆವು. ಹೀಗೆ ಇನ್ನೊಂದು ಸಲವೂ ಆಯಿತು. ಅಪ್ಪನ ತಪ್ಪಲ್ಲ. ನಮ್ಮ ಅಂಗಡಿಯಲ್ಲಿ ಬೆಲ್ಲ ತೀರಿದರೆ 'ಇಲ್ಲ' ಎನ್ನುವಂತಿರಲಿಲ್ಲ, 'ಹೆಚ್ಚಾಗೈತಿ' ಎನ್ನಬೇಕು. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಎಂದರೆ ಅತ್ತೆ ಬೈಯುತ್ತಿದ್ದಳು. ಇಷ್ಟು ಶುಭವಾಗಿ ಮಾತಾಡಿ ಬದುಕಿದವನು 'ನಾನು ಸತ್ತ ಮೇಲೆ' ಎಂದು ಪರರ ಜಗಲಿಯ ಮೇಲೆ ಕೂತು ಹೇಗೆ ಹೇಳಬೇಕು? ಮೂರನೆಯ ಸಲ ನಾನೇ ಧೈರ್ಯಮಾಡಿ ಅತ್ತೆಯ ವಿಷಯ ಎತ್ತಿದೆ. ವಕೀಲರು ಕೇಳಿಸಿಕೊಂಡು, "ನೋಡಿ, ಬರೆದಿಡದೇ ಹೋದ್ರೆ ಎಲ್ಲ ಗಂಡುಮಕ್ಕಳಿಬ್ರಿಗೆ. ತಂಗಿಗೆ ಎಂತದೂ ಇಲ್ಲ. ಒಂದು ಮೃತ್ಯುಪತ್ರ ಮಾಡುವ. ಅಡುಗೆಮನೆ, ದೇವರಕೋಣೆ ಅವರು ಇರುವಷ್ಟು ದಿನ ಅವರದ್ದು ಅಂತ ಬರೆದರಾಯ್ತು. ಸಣ್ಣ ಕೆಲಸ" ಎಂದರು. ಮೃತ್ಯು ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅಪ್ಪ ಎದ್ದು ನಿಂತ. "ದೇವರನ್ನ ಒಂದು ಮಾತು ಕೇಳಿ ಬರ್ತೀನ್ರಿ" ಎಂದು ಚಪ್ಪಲಿ ಮೆಟ್ಟಿದ.

ನಮ್ಮಲ್ಲಿ ದೇವರನ್ನು ಕೇಳುವುದೆಂದರೆ ಹೂ ಕೇಳುವುದು. ದೇವರಕೋಣೆಯಲ್ಲಿ ವೀರಭದ್ರನ ಹಿತ್ತಾಳೆಯ ಮೂರ್ತಿ ಇದೆ. ಅದನ್ನು ತೊಳೆದು, ಒದ್ದೆ ಭುಜಗಳಿಗೆ ಒಂದೊಂದು ಕಣಗಿಲೆ ಹೂ ಹಚ್ಚಿ, ಕೆಲಸವನ್ನು ಮನಸ್ಸಿನಲ್ಲಿ ನೆನೆದು ಕೂರಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಮಾಡು, ಎಡಗಡೆಯದು ಬಿದ್ದರೆ ಬೇಡ. ಅಂಗಡಿಯ ಜಾಗ ಹಿಡಿದದ್ದು, ನನ್ನ ಮದುವೆ, ಈರಣ್ಣ ಎಲ್ಲಾಪುರದಲ್ಲಿ ಕಟ್ಟಿಗೆ ಅಡ್ಡೆ ಇಟ್ಟದ್ದು ಎಲ್ಲ ಹೀಗೆ ಹೂ ಕೇಳಿಯೇ. ಪೂಜೆ ಅತ್ತೆಯದು, ಹೂ ಹಚ್ಚುವವಳೂ ಅವಳೇ. ಸೋಮವಾರ ಹೂ ಕೇಳಿದೆವು. ಎಡಗಡೆಯ ಹೂ ಟಪಕ್ಕನೆ ಬಿತ್ತು. ಮುಂದಿನ ಸೋಮವಾರವೂ ಎಡವೇ. ನಾನು ಹಟ ಹಿಡಿದು ಇನ್ನೊಂದು ಸಲ ಕೇಳಿಸಿದೆ, ಆಗಲೂ ಎಡ. ಬಲಗಡೆಯ ಹೂ ಮರುದಿನದವರೆಗೂ ಅಲುಗದೆ ಕೂತಿತ್ತು, ಅದರ ಸುತ್ತ ಇರುವೆಗಳು ಓಡಾಡುತ್ತಿದ್ದವು. ವೀರಭದ್ರನ ನಿರ್ಧಾರ ಎಷ್ಟು ಗಟ್ಟಿ ಎಂದು ನಾನು ಆಶ್ಚರ್ಯಪಟ್ಟೆನೇ ಹೊರತು ಇರುವೆಗಳ ಬಗ್ಗೆ ಯೋಚಿಸಲಿಲ್ಲ. ನಮ್ಮ ಮನೆಯಲ್ಲಿ ಇರುವೆ ಎಲ್ಲಿರಲಿಲ್ಲ?

"ಅವನ ಮನಸ್ಸಿಲ್ಲ ಅಂದ ಮ್ಯಾಲ ನಾವ್ಯಾಕ ಮಾಡೂಣು" ಎಂದು ಅಪ್ಪ ಹಗುರಾದ. ದಿಢೀರನೆ ಶಾಲೆಗೆ ರಜೆ ಕೊಟ್ಟಾಗ ಹುಡುಗರ ಮುಖ ಹೇಗಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಅವನ ಮುಖ ಹಾಗಿತ್ತು. ವಕೀಲರ ಮಾತು ಮತ್ತೆ ಯಾರೂ ಎತ್ತಲಿಲ್ಲ. ಎರಡು ಸುಗ್ಗಿ ಕಳೆದ ಮೇಲೆ ಆ ಕಾಲಿನ ಗಾಯವೇ ದೊಡ್ಡದಾಗಿ ಅಪ್ಪ ಹೋದ. ಕೊನೆಗೆ ಅತ್ತೆ ತಾನಾಗಿ ಕಪಾಟು ತೆರೆದು ಅವನ ನಾಲಗೆಗೆ ಜೋನಿಬೆಲ್ಲ ಮುಟ್ಟಿಸಿದಳು. ಅವನಿಗೆ ಅದರ ರುಚಿ ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಈರಣ್ಣ ಕೆಟ್ಟವನಲ್ಲ. ಅಡ್ಡೆ ದೊಡ್ಡದು ಮಾಡಬೇಕಾಗಿತ್ತು, ತನ್ನ ಅರ್ಧ ಕೇಳಿದ. ವಕೀಲರ ಗೊಡವೆ ಬೇಡವೆಂದು ಊರ ಹಿರಿಯರನ್ನೇ ಕೂರಿಸಿದೆವು. ಅವರು ಚಹಾ ಅವಲಕ್ಕಿ ಮುಗಿಸಿ, ಹಗ್ಗ ಹಿಡಿದು ಮನೆ ಅಳೆದರು. ಮುಂಭಾಗ ನನಗೆ, ಹಿಂಭಾಗ ಈರಣ್ಣನಿಗೆ ಬಂತು. ಅಡುಗೆಮನೆ, ದೇವರಕೋಣೆ ಹಿಂಭಾಗದಲ್ಲಿದ್ದವು. ಅವನು ಅದನ್ನು ಒಬ್ಬ ಟೇಲರನಿಗೆ ಮಾರುವವನಿದ್ದ. ವೀರಭದ್ರನನ್ನು ನನ್ನ ಪಡಸಾಲೆಗೆ ತರುವುದೆಂದು ಆಯಿತು. ಆಗ ಒಬ್ಬರಿಗೆ ಅತ್ತೆಯ ನೆನಪಾಯಿತು. ನನ್ನಲ್ಲಿಯೇ ಇರಲಿ ಎಂದು ನಾನೆಂದೆ. ಈರಣ್ಣನ ಕಣ್ಣಲ್ಲಿ ನೀರು ಬಂತು. "ಯಾಕ, ನನ್ನ ಮನ್ಯಾಗ ಆಕಿಗೆ ಅನ್ನ ಇಲ್ಲೇನು? ನನ್ನನ್ನೂ ಆಕೀನs ಎತ್ತಿ ಆಡ್ಸಿದಾಕಿ" ಎಂದ. ಅವನು ಸುಳ್ಳು ಹೇಳಲಿಲ್ಲ.

"ಹಂಗಾರ ಪಾಳಿ ಹಚ್ಚಿಬಿಡ್ರಿ" ಎಂದರು ಹಿರಿಯರು. "ಮಳಿಗಾಲ ದೊಡ್ಡಾಂವನ ಮನ್ಯಾಗ, ಬ್ಯಾಸಗಿ ಸಣ್ಣಾಂವನ ಮನ್ಯಾಗ. ಯಾರದೂ ತಕರಾರಿಲ್ಲಲ್ಲ?"

ಚಹಾದ ಲೋಟ ತೆಗೆದುಕೊಳ್ಳಲು ಬಂದಿದ್ದ ಅತ್ತೆ ಬಾಗಿಲಲ್ಲಿ ನಿಂತು ಕೇಳಿದಳು: "ಚಳಿಗಾಲ ಯಾರ ಮನ್ಯಾಗ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿರಿಯರು ಚಳಿಗಾಲವನ್ನೂ ಅರ್ಧರ್ಧ ಮಾಡಿ ಎದ್ದರು. ಮನೆಯ ನಡುವೆ ಗೋಡೆ ಎದ್ದಿತು.

ಆಮೇಲೆ ನನ್ನ ಕೆಲಸವೆಂದರೆ ಅತ್ತೆಯನ್ನು ಎಲ್ಲಾಪುರದ ಬಸ್ಸಿಗೆ ಹತ್ತಿಸುವುದು, ಪಾಳಿ ಮುಗಿದಾಗ ಇಳಿಸಿಕೊಳ್ಳುವುದು. ಅದೇ ಹಳೆಯ ಟ್ರಂಕು. ಒಮ್ಮೆ ಬಸ್ಸು ತಡವಾಯಿತು. ಅತ್ತೆ ಟ್ರಂಕಿನ ಮೇಲೆಯೇ ಕೂತಿದ್ದಳು. ನಾನು, "ಅಪ್ಪ ಅವತ್ತೊಂದು ಮಾತು ಬರೆಸಿಟ್ಟಿದ್ರ ನಿನಗ ಈ ಓಡಾಟ ತಪ್ಪತಿತ್ತು ಅತ್ತಿ. ವೀರಭದ್ರ ಬಿಡಲಿಲ್ಲ" ಎಂದೆ.

"ವೀರಭದ್ರನ ಮ್ಯಾಲ್ಯಾಕ ಹಾಕ್ತಿ? ನಾನs ಬಿಡಲಿಲ್ಲ" ಎಂದಳು. "ಬಲಗಡಿ ಹೂವಿಗೆ ಜೋನಿಬೆಲ್ಲ ಹಚ್ಚಿದ್ದೆ."

"ಅಂದ್ರ ಆ ಇರುವಿ?" ಎಂದೆ.

"ಮಾಸ್ತರ ಆಗಿ ಇರುವಿ ನೋಡಿದ್ರೂ ತಿಳೀಲಿಲ್ಲಲ್ಲೋ ತಮ್ಮಾ ನಿನಗ! ಆ ಕಾಗದದ ಹೆಸರೇ ಮೃತ್ಯು. ಅದನ್ನ ನನ್ನ ಸಲುವಾಗಿ ಅಣ್ಣಾ ಬರಸಬೇಕ? ಬರಸಿದ ದಿನಾನs ಅಂವ ಹೋಗ್ತಾನ ಅಂತ ನನಗ ಅನಿಸ್ತು. ಬರಸಲಿಲ್ಲ, ಎರಡು ಸುಗ್ಗಿ ಉಳದ. ಅವು ನನ್ನ ಪಾಲು."

"ಮತ್ತ ನಿನ್ನ ಮನಿ?" ಎಂದೆ.

"ಅಣ್ಣಾ ಇದ್ದಾಗ ಅದು ಮನಿ. ಈಗ ನೀವು ನಡುವ ಒಂದು ಗ್ವಾಡಿ ಕಟ್ಟೀರಿ, ನನಗ ಎಲ್ಲಾ ಗ್ವಾಡಿನs ಕಾಣ್ತಾವ" ಎಂದಳು. ಬಸ್ಸು ಬಂತು. ಟ್ರಂಕನ್ನು ಮೇಲೆ ಹಾಕಿಸಿ, ಕಿಟಕಿಯ ಬದಿಗೆ ಜಾಗ ಹಿಡಿದುಕೊಟ್ಟೆ. "ಹೋಗಿ ಬರ್ತೀನಿ" ಎಂದು ಅವಳು ಶುಭವಾಗಿಯೇ ಹೇಳಿದಳು.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಎಲ್ಲಾಪುರದಲ್ಲಿಯೇ ಅವಳು ತೀರಿಕೊಂಡಳು. ಈರಣ್ಣನ ಪಾಳಿ ಮುಗಿಯುತ್ತ ಬಂದಿತ್ತು. ನಾನು ಹೋದಾಗ ಟ್ರಂಕಿಗೆ ಹಗ್ಗ ಬಿಗಿದು ಬಾಗಿಲ ಹತ್ತಿರ ಇಟ್ಟಿತ್ತು. ಹಿಂದಿನ ದಿನ ಅವಳೇ ಕಟ್ಟಿದ್ದಳಂತೆ. ಅದನ್ನು ಬಿಚ್ಚಲು ನಮ್ಮಿಬ್ಬರಿಗೂ ಕೈ ಬರಲಿಲ್ಲ. ಅಣ್ಣತಮ್ಮಂದಿರು ಅದರ ಎರಡು ಬದಿಗೆ ಕೂತು ಮಕ್ಕಳ ಹಾಗೆ ಅತ್ತೆವು. ನಡುವೆ ಗೋಡೆ ಎದ್ದ ಮೇಲೆ ನಾವಿಬ್ಬರೂ ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು.

ಈಗ ನನ್ನ ವಿಷಯ. ನನಗೂ ಇಬ್ಬರು ಗಂಡುಮಕ್ಕಳು. ನನಗೂ ಅಪ್ಪನ ಸಕ್ಕರೆ ಕಾಯಿಲೆ ಬಂದಿದೆಯೆಂದು ಡಾಕ್ಟರು ಹೇಳಿದ್ದಾರೆ. ಆವತ್ತಿನಿಂದ ನನ್ನ ಹೆಂಡತಿ ಪಾರವ್ವ, "ವಕೀಲರನ್ನ ನೋಡ್ರಿ" ಎಂದು ಬೆನ್ನು ಹತ್ತಿದ್ದಾಳೆ. ಎಲ್ಲ ನೆಪಗಳೂ ಮುಗಿದ ಮೇಲೆ ನಾನು ಕೊನೆಯ ನೆಪ ತೆಗೆದೆ: ದೇವರನ್ನು ಕೇಳೋಣ ಎಂದೆ. "ಕೇಳ್ರಿ" ಎಂದು ಒಪ್ಪಿಬಿಟ್ಟಳು. ಕಳೆದ ಸೋಮವಾರ ಅವಳೇ ಮೂರ್ತಿ ತೊಳೆದು ಹೂ ಹಚ್ಚಿದಳು. ನಾನು ಕಣ್ಣು ಮುಚ್ಚಿ, 'ಬೇಡವೆನ್ನು ವೀರಭದ್ರಾ' ಎಂದು ನೆನೆಯುವುದರೊಳಗೆ ಬಲಗಡೆಯ ಹೂ ಬಿತ್ತು. ಎಡಗಡೆಯದು ಅಲುಗಲಿಲ್ಲ. ಈ ಸಲ ನಾನು ಮೋಸಹೋಗಲಿಲ್ಲ, ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದೆ. ವೀರಭದ್ರನ ಎಡಭುಜದ ಮೇಲೆ ಇರುವೆಗಳ ಸಾಲು.

"ಇದನ್ನ ನಿನಗ ಯಾರು ಕಲಿಸಿದರು?" ಎಂದು ಸಿಟ್ಟಿನಿಂದ ಕೇಳಿದೆ.

"ಅತ್ತಿ" ಎಂದಳು. "ಹ್ವಾದ ವರ್ಷ ಎಲ್ಲಾಪುರಕ್ಕ ಹೋಗೂಮುಂದ ಹೇಳಿಹೋದ್ರು. ನಿನ್ನ ಗಂಡನೂ ಅವರಪ್ಪನ ಹಂಗs ಹೂ ಕೇಳ್ತಾನ, ನೀ ಮಾತ್ರ ಎಡಕ್ಕ ಹಚ್ಚು ಪಾರಿ, ನಾ ಬಲಕ್ಕ ಹಚ್ಚಿ ತಪ್ಪಿದೆ ಅಂದ್ರು." ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಮೆಲ್ಲಗೆ, "ನನ್ನನ್ನೂ ಪಾಳಿ ಹಚ್ಚಬ್ಯಾಡ್ರಿ. ಒಂದು ಮೂಲಿ ನಂದು ಅಂತ ಬರಸ್ರಿ, ಸಾಕು" ಎಂದಳು.

ತನ್ನ ಅಣ್ಣನ ಆಯುಸ್ಸಿಗೆ ಬಲಭುಜ, ನನ್ನ ಆಯುಸ್ಸಿಗೆ ಎಡಭುಜವೇ ಎಂದು ಒಂದು ಗಳಿಗೆ ಅತ್ತೆಯ ಮೇಲೆ ಮುನಿಸೂ ಬಂತು. ಆದರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನೆದುರು ಆಡದೆ ಉಳಿಸಿಕೊಂಡ 'ತಪ್ಪಿದೆ' ಎಂಬ ಆ ಒಂದು ಮಾತನ್ನು ಅವಳು ಅಡುಗೆಮನೆಯಲ್ಲಿ ಪಾರವ್ವನಿಗೆ ಕೊಟ್ಟು ಹೋಗಿದ್ದಳು. ಟ್ರಂಕಿನ ಮೇಲೆ ಕೂತ ಅವಳ ಬೆನ್ನು ಕಣ್ಣಿಗೆ ಕಟ್ಟಿತು. ಟೊಪ್ಪಿಗೆ ಹಾಕಿಕೊಂಡು ಹೊರಟೇಬಿಟ್ಟೆ.

ಅದೇ ವಕೀಲರು, ಈಗ ತಲೆ ಪೂರ್ತಿ ಬಿಳಿಯಾಗಿದೆ. "ಬನ್ನಿ ಮಾಸ್ತರ್ರೇ, ಕೂತ್ಕೊಳ್ಳಿ. ಎಂತ ವಿಶೇಷ?" ಎಂದರು.

ನಾನು ಸುತ್ತಲೂ ನೋಡಿದೆ. "ವಿಶೇಷ ಏನಿಲ್ಲ. ಈ ವರ್ಷದ ಬೆಲ್ಲ ಹೇಗಿದೆ ಎಂದು ಕೇಳೋಣವೆಂದು ಬಂದೆ" ಎಂದೆ.

"ನಿಮ್ಮ ಅಂಗಡಿ ಮುಚ್ಚಿ ಎಷ್ಟು ವರ್ಷ ಆಯ್ತು ಮಾಸ್ತರ್ರೇ?" ಎಂದು ಕೇಳಿ, ವಕೀಲರು ಕವಳದ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

ಬಾಯಿ ಕೆಂಪಾಗಿಸಿಕೊಂಡು ಮನೆಗೆ ಬಂದೆ. ಇವತ್ತು ಮತ್ತೆ ಸೋಮವಾರ. ಪಾರವ್ವ ದೇವರ ಮುಂದೆ ಕೂತಿದ್ದಾಳೆ, ಜೋನಿಬೆಲ್ಲದ ಡಬ್ಬಿಯನ್ನು ಮುಚ್ಚಿಡುವ ಗೋಜಿಗೂ ಹೋಗಿಲ್ಲ.