ದಂತವೈದ್ಯೆಯೊಬ್ಬರು ರೋಗಿಗೆ ಸೊಸೆಯಾದ ಬಗ್ಗೆ

ಸಂಖ್ಯೆ: ವೈ.ದಂ.ಅಂ./ನಾಲಿಗೆ/೧೭ (ತಿದ್ದುಪಡಿಯ ತಿದ್ದುಪಡಿ)

ವಿಷಯ: ವೈದ್ಯಕೀಯ ಮತ್ತು ದಂತ ವಿದ್ಯಾರ್ಥಿಗಳ ನಡುವಿನ ಅಂತರ ಕಾಪಾಡುವ ಕುರಿತು.

ಉಲ್ಲೇಖ: ೧. ಹೊರರೋಗಿ ವಿಭಾಗದ ಗುಮಾಸ್ತರ ದೂರು. ೨. ದರ್ಜಿಯ ನಾಲಿಗೆ.

ಎರಡೂ ಕಾಲೇಜುಗಳ ಬಿಳಿ ಕೋಟು ಹೊಲಿಯುವ ದರ್ಜಿಯು ಹಲ್ಲು ಕೀಳಿಸಿಕೊಳ್ಳಲು ಬಂದಾಗ, ದಂತ ವಿಭಾಗದ ತರಬೇತಿ ವೈದ್ಯೆಯು ಅವರ ನಾಲಿಗೆಯಂಚಿನಲ್ಲಿ ಎರಡು ತಿಂಗಳಿನಿಂದ ಮಾಯದ ಹುಣ್ಣು ಕಂಡು, ಕ್ಯಾನ್ಸರ್ ಇರಬಹುದೆಂದು ಎದುರಿನ ವೈದ್ಯಕೀಯ ಕಟ್ಟಡಕ್ಕೆ ಮೂರು ಬಾರಿ ಚೀಟಿ ಬರೆದಿರುತ್ತಾರೆ. ‘ದಂತದವರಿಗೆ ಶಂಕಿಸುವ ಅಧಿಕಾರವಿಲ್ಲ’ ಎಂಬ ಷರಾದೊಂದಿಗೆ ಮೂರೂ ಹಿಂದಿರುಗಿವೆ. ನಾಲ್ಕನೆಯ ದಿನ ಸದರಿ ವೈದ್ಯೆಯು ಕೋಟು ಕಳಚಿ ಚೀಲಕ್ಕೆ ತುರುಕಿ, ಕೈಯಲ್ಲೊಂದು ಫ್ಲಾಸ್ಕ್ ಹಿಡಿದು, ‘ನಾನು ಇವ್ರ ಸೊಸೆ, ಮಾವನೋರಿಗೆ ಊಟ ಸೇರ್ತಿಲ್ಲ’ ಎಂದು ಅತ್ತು ದರ್ಜಿಯನ್ನು ಎದುರಿನ ಕಟ್ಟಡದಲ್ಲಿ ದಾಖಲಿಸಿರುತ್ತಾರೆ. ವೈದ್ಯೆಯ ಮಾತಿಗೆ ಸಿಗದ ಹಾಸಿಗೆ ಸೊಸೆಯ ಕಣ್ಣೀರಿಗೆ ಅರ್ಧ ಗಂಟೆಯಲ್ಲಿ ಸಿಕ್ಕಿದೆ. ದರ್ಜಿಗೆ ಮಗನೇ ಇಲ್ಲವೆಂಬುದು ವಿಚಾರಣೆಯಲ್ಲಿ ತಿಳಿದುಬಂದಿದೆ. ಆದಕಾರಣ:

೧. ಮೊದಲ ವರ್ಷ ಎರಡೂ ಕಾಲೇಜಿನವರು ಒಂದೇ ಶವ ಕೊಯ್ದು, ಒಂದೇ ಪುಸ್ತಕ ಓದಿ ನಿದ್ದೆಗೆಡುವುದು ವಾಡಿಕೆ. ಆದಾಗ್ಯೂ ವೈದ್ಯಕೀಯದವರ ನಿದ್ದೆಗೇಡನ್ನು ‘ಶ್ರಮ’ ಎಂದೂ ದಂತದವರದ್ದನ್ನು ‘ಸೊಳ್ಳೆ ಕಾಟ’ ಎಂದೂ ದಾಖಲಿಸತಕ್ಕದ್ದು.

೨. ದಂತದವರಿಗೆ ಹೆಚ್ಚು ಅಂಕ ಬಂದಲ್ಲಿ ಪ್ರಶ್ನೆಪತ್ರಿಕೆ ಸುಲಭವಿತ್ತೆಂದು ಭಾವಿಸತಕ್ಕದ್ದು. ಕಡಿಮೆ ಬಂದಲ್ಲಿ ಏನನ್ನೂ ಭಾವಿಸುವ ಅಗತ್ಯವಿಲ್ಲ.

೩. ನೆಂಟರು ‘ಅಂದ್ರೆ ನಿಜವಾದ ಡಾಕ್ಟರ್ ಅಲ್ಲ ಅನ್ನು’ ಎಂದಾಗ, ದಂತದವರು ‘ಅಲ್ಲ ಚಿಕ್ಕಪ್ಪ, ಮೆಡಿಕಲ್ ಸೀಟು ತಪ್ಪಿತು’ ಎಂದು ತಲೆ ತಗ್ಗಿಸತಕ್ಕದ್ದು. ಸದರಿ ವೈದ್ಯೆಯು ‘ಬಾಯಿ ತೆಗೀರಿ ಚಿಕ್ಕಪ್ಪ, ಒಳಗೇನಿದೆ ನೋಡ್ತೀನಿ’ ಎಂದದ್ದನ್ನು ಉತ್ತರವೆಂದು ಪರಿಗಣಿಸಲಾಗದು.

೪. ಹಲ್ಲಿಗೆ ತಾಗುವಷ್ಟು ನಾಲಿಗೆ ದಂತ ವಿಭಾಗಕ್ಕೂ ಉಳಿದದ್ದು ವೈದ್ಯಕೀಯಕ್ಕೂ ಸೇರತಕ್ಕದ್ದು. ಗಡಿ ಗುರುತಿಸಲು ಸಮಿತಿ ರಚಿಸಲಾಗಿದ್ದು, ವರದಿ ಬರುವವರೆಗೆ ರೋಗಿಗಳು ನಾಲಿಗೆ ಅಲ್ಲಾಡಿಸಕೂಡದು. ಗಡಿಯ ಮೇಲೆ ಹುಣ್ಣಾದಲ್ಲಿ, ಜಂಟಿ ಸಹಿಯಾಗುವ ತನಕ ಅದು ಬೆಳೆಯದಂತೆ ರೋಗಿಯೇ ನಿಗಾ ವಹಿಸತಕ್ಕದ್ದು.

೫. ದರ್ಜಿಯ ಹುಣ್ಣು ವೈದ್ಯೆ ಶಂಕಿಸಿದ ಕ್ಯಾನ್ಸರೇ ಎಂದು ಪರೀಕ್ಷೆಯಲ್ಲಿ ದೃಢಪಟ್ಟಿದೆ. ಇದನ್ನು ಕಾಕತಾಳೀಯವೆಂದು ಈ ಮೂಲಕ ಘೋಷಿಸಲಾಗಿದೆ. ‘ಇನ್ನೊಂದು ತಿಂಗಳು ಬಿಟ್ಟಿದ್ರೆ ಆಳೇ ಉಳೀತಿರ್ಲಿಲ್ಲ’ ಎಂದ ಶಸ್ತ್ರಚಿಕಿತ್ಸಕರಿಂದಲೂ ವಿವರಣೆ ಕೇಳಲಾಗಿದೆ.

೬. ಇನ್ನು ಮುಂದೆ ದಂತದವರು ರೋಗಿಗಳಿಗೆ ಸೊಸೆ, ಅಳಿಯ, ನಾದಿನಿ, ಷಡ್ಡಕ ಮುಂತಾಗಿ ಏನೂ ಆಗಕೂಡದು. ಹುಟ್ಟಿನಿಂದಲೇ ಸಂಬಂಧವಿದ್ದಲ್ಲಿ ಪೂರ್ವಾನುಮತಿ ಪಡೆಯತಕ್ಕದ್ದು.

೭. ವೈದ್ಯೆಯ ತರಬೇತಿ ಪ್ರಮಾಣಪತ್ರವನ್ನು ತಡೆಹಿಡಿಯಲಾಗಿದೆ. ‘ನಾಲಿಗೆ ಯಾರ ಪಾಲಿಗಾದ್ರೂ ಬರ್ಲಿ ಸಾರ್, ಸಾಯೋನು ಒಬ್ನೇ ಅಲ್ವಾ’ ಎಂಬ ಅವರ ವಿವರಣೆಯು ನಿಗದಿತ ನಮೂನೆಯಲ್ಲಿಲ್ಲ. ‘ಈಕೆ ನನಗೇನೂ ಅಲ್ಲ’ ಎಂದು ದರ್ಜಿಯು ಬರೆದುಕೊಟ್ಟ ಕೂಡಲೇ ವಂಚನೆ ಸಾಬೀತೆಂದು ಪರಿಗಣಿಸಿ ವೈದ್ಯೆಯನ್ನು ಹೊರಹಾಕಲಾಗುವುದು.

(ಸಹಿ)
ಅಂತರ ಪಾಲನಾಧಿಕಾರಿ

ಪ್ರತಿಗಳು:
೧. ಉಭಯ ಪ್ರಾಂಶುಪಾಲರಿಗೆ, ಪ್ರತ್ಯೇಕ ಲಕೋಟೆಗಳಲ್ಲಿ. ವೈದ್ಯಕೀಯದ್ದು ದೊಡ್ಡದಿರಲಿ.
೨. ಗುಮಾಸ್ತರಿಗೆ, ಪ್ರಶಂಸೆಯೊಂದಿಗೆ.
೩. ದರ್ಜಿ, ಹಾಸಿಗೆ ಹದಿನಾಲ್ಕು. ನಾಲಿಗೆಗೆ ಹೊಲಿಗೆ ಬಿದ್ದಿರುವುದರಿಂದ ಲಿಖಿತ ಹೇಳಿಕೆ ಪಡೆಯಲಾಯಿತು: ‘ನನ್ನ ಸೊಸೆ. ಮಗ ಇಲ್ಲದಿದ್ರೆ ನಿಮಗೇನು.’ ಕಡತಕ್ಕೆ.